ಜಾಲ್ರ ಕೇಳಿಸದ ಪ್ಲೇಟು

ಹೋದ ತಿಂಗಳು ಸಕ್ಕರೆ ಪರೀಕ್ಷೆಗೆ ಅಂತ ಹೋಗಿದ್ದೆ. ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದರು. ಚರ್ಮ ತಣ್ಣಗಾಯಿತು. ಆ ವಾಸನೆ ಮೂಗಿಗೆ ಬಂದ ಕೂಡಲೇ ನನಗೆ ಯಾವ ಆಸ್ಪತ್ರೆಯೂ ನೆನಪಾಗಲಿಲ್ಲ. ಧಾರಾಪುರಂ ಬಸ್ ನಿಲ್ದಾಣದ ಹಿಂದಿನ ಒಂದು ಸಂದಿ ನೆನಪಾಯಿತು. ಅಲ್ಲೊಂದು ಸೌಂಡ್ ಸರ್ವಿಸ್ ಅಂಗಡಿ, ಅದರ ಮೇಜಿನ ಮೇಲೆ ಒಂದು ಕರಿ ಗ್ರಾಮಫೋನ್ ಪ್ಲೇಟು, ಪ್ಲೇಟಿನ ಮುಂದೆ ಕೈಕಟ್ಟಿ ಕೂತ ಫಿಟ್ಟರ್ ಮಾಮ... ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ.

ಅವರು ನನಗೆ ಸ್ವಂತ ಮಾಮ ಅಲ್ಲ. ವೆಳ್ಳಕೋಯಿಲ್ ಹೊರಗೆ ಒಂದು ಪವರ್‌ಲೂಮ್ ಶೆಡ್ಡು, ಅದರ ಪಕ್ಕದಲ್ಲಿ ಕೆಲಸದವರಿಗೆ ಕಟ್ಟಿಸಿದ ಸಾಲುಮನೆಗಳು. ಒಂದರಲ್ಲಿ ನಾನು ಮತ್ತು ನನ್ನ ಅಮ್ಮ, ಪಕ್ಕದ್ದರಲ್ಲಿ ಮಾಮ ಮತ್ತು ಅತ್ತೆ. ಅವರಿಗೆ ಮಕ್ಕಳಿರಲಿಲ್ಲ. ಎರಡೂ ಮನೆಯವರು ತಲೆತಲಾಂತರದಿಂದ ಅಲ್ಲೇ ನೆಲೆಸಿದ ಕನ್ನಡದ ನೇಯ್ಗೆಯವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಇದು ಎಂಬತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತು ದಾಟಿತ್ತು. ಶೆಡ್ಡಿನಲ್ಲಿ ಮಗ್ಗ ಓಡಿಸುತ್ತಿದ್ದೆ. ಓದು ಬರಹ ಬರುತ್ತಿರಲಿಲ್ಲ. ಈ ಅಕ್ಷರಗಳೆಲ್ಲ ಆಮೇಲೆ ಕಲಿತದ್ದು.

ಮಗ್ಗಗಳನ್ನು ಕೆಡದಂತೆ ನೋಡಿಕೊಳ್ಳುವುದು ಮಾಮನ ಕೆಲಸ. ಮಗ್ಗದಲ್ಲಿ ಏನಾದರೂ ಸಡಿಲವಾದರೆ ಕಣ್ಣಿಗೆ ಕಾಣುವ ಮೊದಲು ಸದ್ದು ಬದಲಾಗುತ್ತದೆ. ಮಾಮ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮಗ್ಗದ ಮೈಗೆ ಒತ್ತಿ, ಮರದ ಹಿಡಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ನೇರವಾಗಿ ಹೋಗಿ ಆ ಬೋಲ್ಟನ್ನೇ ಬಿಗಿಮಾಡುತ್ತಿದ್ದರು. ಫಿಟ್ಟರ್‌ಗೆ ಕಿವಿಯೇ ಬಂಡವಾಳ. ಆದರೆ ಶೆಡ್ಡಿನೊಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ, ತುಟಿ ನೋಡಿಯೇ ಮಾತಾಡಿಕೊಳ್ಳಬೇಕು. ಅವರು ಹುಡುಗನಾಗಿದ್ದಾಗಿನಿಂದ ಆ ಸದ್ದಿನೊಳಗೇ ಇದ್ದವರು.

ಅವರ ಹತ್ತಿರ ಒಂದು ಪ್ಲೇಟಿತ್ತು. ಕೊಯಮತ್ತೂರಿನ ಉಕ್ಕಡಂನಲ್ಲಿ, ಮೀನು ಮಾರ್ಕೆಟ್ಟಿನ ಪಕ್ಕ, ಹಳೆ ಸಾಮಾನು ಹರಡಿಕೊಂಡು ಕೂರುವವರ ಹತ್ತಿರ ಮದುವೆಗೆ ಮುಂಚೆ ಕೊಂಡದ್ದಂತೆ. ಹಸಿರು ರಟ್ಟಿನ ಕವರು, ಒಂದು ಮೂಲೆ ಹರಿದಿತ್ತು. ಅದರ ಮೇಲೆ ಉದ್ದ ಕೂದಲಿನ ಬಿಳಿಯರ ಚಿಕ್ಕ ಚಿಕ್ಕ ಫೋಟೋಗಳು. ಬೇರೆ ಬೇರೆ ಗುಂಪಿನವರು ಹಾಡಿದ ರಾಕ್ ಹಾಡುಗಳನ್ನು ಒಂದೇ ಪ್ಲೇಟಿಗೆ ಹಾಕಿದ್ದರು. ಮಾಮನಿಗೆ ಇಂಗ್ಲೀಷು ಒಂದು ಅಕ್ಷರ ಗೊತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಡ್ರಮ್ಮು. ಸರಿಯಾಗಿ ಕೂಡಿಸಿದ ಮಗ್ಗ ಹೀಗೇ ಹೊಡೆಯುತ್ತದೆ ಅನ್ನುತ್ತಿದ್ದರು. ಎರಡನೇ ಮಗ್ಗುಲಿನ ಮೊದಲ ಹಾಡಿನಲ್ಲಿ ಡ್ರಮ್ಮಿನ ಜೊತೆ ಒಂದು ಕಂಚಿನ ತಟ್ಟೆಯ ಸದ್ದು ಬರುತ್ತಿತ್ತು, ತೆಳ್ಳಗೆ, ಬಿಡದೆ. ಭಜನೆಯಲ್ಲಿ ಬಡಿಯುವ ಪುಟ್ಟ ತಾಳಕ್ಕೆ ನಮ್ಮ ಕಡೆ ಜಾಲ್ರ ಅನ್ನುತ್ತಾರೆ. ಮಾಮ ಇದಕ್ಕೂ ಜಾಲ್ರ ಅಂತಲೇ ಹೆಸರಿಟ್ಟಿದ್ದರು.

ಅಮಾವಾಸ್ಯೆ ದಿನ ಮಗ್ಗಕ್ಕೆ ರಜೆ. ಬೆಳಗ್ಗೆ ಮಗ್ಗಗಳಿಗೆಲ್ಲ ಎಣ್ಣೆ ಬಿಟ್ಟು, ಕರ್ಪೂರ ಹಚ್ಚಿ, ಶೆಡ್ಡಿಗೆ ಬೀಗ ಹಾಕುತ್ತಿದ್ದೆವು. ಊರು ನಿಶ್ಶಬ್ದವಾಗುತ್ತಿತ್ತು. ಆಗ ಮಾಮ ಪ್ಲೇಟು ಹಾಕುತ್ತಿದ್ದರು. ಸಾಲುಮನೆಯವರಿಗೆ ಅದು ದೊಡ್ಡ ತಮಾಷೆ. ಅಮಾವಾಸ್ಯೆಗೆ ಜನ ಪಿತೃಗಳನ್ನು ಕರೆದರೆ ಫಿಟ್ಟರ್ ಅವರನ್ನು ಓಡಿಸುತ್ತಾನೆ ಅಂತ ನನ್ನ ಅಮ್ಮ ಅನ್ನುತ್ತಿದ್ದಳು. ಅತ್ತೆ ಅಡಿಗೆಮನೆಯಿಂದ, "ದೊರೆಗಳು ಊಟಕ್ಕೆ ಬಂದವ್ರೆ, ಇನ್ನೆರಡು ಎಲೆ ಹಾಕ್ಲಾ?" ಅಂತ ಕೇಳುತ್ತಿದ್ದರು. ಮಾಮ ನಗುತ್ತಿದ್ದರು.

ಒಂದು ಅಮಾವಾಸ್ಯೆ ಮಾಮ ಅರ್ಧ ಹಾಡಿಗೆ ಮುಳ್ಳು ಎತ್ತಿದರು. ಜಾಲ್ರ ಕಮ್ಮಿಯಾಗಿದೆ ಅಂದರು. ಮುಂದಿನ ಅಮಾವಾಸ್ಯೆಗೆ ಇನ್ನೂ ಕಮ್ಮಿ. ಮುಳ್ಳು ಬದಲಾಯಿಸಿದರು. ಆಮೇಲೆ ಒಂದು ಸಲ, ಮಗ್ಗಕ್ಕೆ ಎಣ್ಣೆ ಬಿಟ್ಟ ಕೈಯಲ್ಲೇ ಪ್ಲೇಟನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿದರು. ಒಂದಕ್ಕೊಂದು ಉಜ್ಜುವ ಜಾಗಕ್ಕೆ ಎಣ್ಣೆ ಬೇಕು ಅನ್ನುವುದು ಅವರು ಕಲಿತ ವಿದ್ಯೆ. ನಮ್ಮ ಮನೆಗಳಲ್ಲಿ ಗಾಳಿಯಲ್ಲೇ ಹತ್ತಿ ಧೂಳು. ಅದೆಲ್ಲ ಹೋಗಿ ಪ್ಲೇಟಿಗೆ ಅಂಟಿಕೊಂಡಿತು. ಹಾಡು ಕಂಬಳಿಯೊಳಗಿನಿಂದ ಬಂದಂತೆ ಬರತೊಡಗಿತು.

ಅದೇ ಕಾಲಕ್ಕೆ ಶೆಡ್ಡಿನಲ್ಲೂ ಮಾತು ಶುರುವಾಗಿತ್ತು. ಶೆಡ್ಡಿನ ಒಡೆಯರನ್ನು ನಾವು ಮೊದಲಾಳಿ ಅನ್ನುತ್ತಿದ್ದೆವು. ಮಗ್ಗ ಕೂಗಿಕೊಳ್ಳುತ್ತಿದ್ದರೂ ಫಿಟ್ಟರ್ ಸುಮ್ಮನೆ ದಾಟಿಹೋಗುತ್ತಾರೆ ಅಂತ ಅವರಿಗೆ ಯಾರೋ ಹೇಳಿದ್ದರು. ಅವರು ಮಾಮನನ್ನು ಎಲ್ಲರೆದುರು ನಿಲ್ಲಿಸಿ, ಕಿವಿ ಹೋಗಿದ್ದರೆ ಹೇಳಿಬಿಡಿ, ಪಲ್ಲಡಂನಿಂದ ಬೇರೆ ಫಿಟ್ಟರ್ ಕರೆಸುತ್ತೇನೆ ಅಂದರು. ಕೆಲಸ ಹೋದರೆ ಆ ಮನೆಯೂ ಹೋಗುತ್ತದೆ. ಮಾಮನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಅವರು ಮನೆಗೆ ಬಂದು ಸುಮಾರು ಹೊತ್ತು ಆ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡುತ್ತಾ ಕೂತರು. ಕೆಟ್ಟಿರುವುದು ಪ್ಲೇಟು. ಪ್ಲೇಟು ಸರಿಹೋದರೆ ಜಾಲ್ರ ಕೇಳುತ್ತದೆ. ಜಾಲ್ರ ಕೇಳಿದರೆ ಕಿವಿ ಸರಿಯಿದೆ ಅಂತ ಅರ್ಥ. ಹಾಗಂತ ಅವರು ಹೇಳಲಿಲ್ಲ. ನನಗೆ ಗೊತ್ತಾಯಿತು.

ಮುಂದಿನ ಅಮಾವಾಸ್ಯೆಗೆ ನನ್ನನ್ನು ಜೊತೆಗೆ ಕರೆದುಕೊಂಡು ಧಾರಾಪುರಂಗೆ ಹೊರಟರು. ಪ್ಲೇಟನ್ನು ಹೊಸ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಬಸ್ಸು ಕುಲುಕಿದಾಗೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು.

ಸೌಂಡ್ ಸರ್ವಿಸಿನವನು ನನಗಿಂತ ಸ್ವಲ್ಪ ದೊಡ್ಡವನು. ಮದುವೆ ಮನೆಗಳಿಗೆ ಮೈಕು ಕಟ್ಟುವುದು, ಪ್ಲೇಟಿನಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವುದು ಅವನ ಕೆಲಸ. ಪ್ಲೇಟನ್ನು ಕೈಯಲ್ಲಿ ಹಿಡಿದು, ಬೆರಳು ಮೂಸಿ ನೋಡಿದ.

"ಅಣ್ಣಾ, ಇದು ಪ್ಲೇಟಾ, ದೋಸೆ ಕಲ್ಲಾ?"

ಮಾಮ ಅವನ ತುಟಿಯನ್ನೇ ನೋಡುತ್ತಿದ್ದರು. ಅರ್ಥವಾಗಿ ನಕ್ಕರು.

ಅವನು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಗೆರೆಗಳ ದಾರಿಯಲ್ಲೇ ಸುತ್ತ ಸುತ್ತ ಒರೆಸಿದ. ಕರಿ ಹತ್ತಿ ಬುಟ್ಟಿ ತುಂಬ ಆಯಿತು. ಆಮೇಲೆ ಸೋಪಿನ ನೀರು, ಬರೀ ನೀರು, ಫ್ಯಾನಿನ ಗಾಳಿ. ಕೊನೆಗೆ ತನ್ನ ಡೆಕ್ಕಿನ ಹಿಂದಿನ ವೈರುಗಳನ್ನು ಬಿಚ್ಚಿದ. ಇದು ಮೊನೊ ಪ್ಲೇಟು, ಇದರಲ್ಲಿ ಇರುವುದು ಒಂದೇ ಸದ್ದು ಅಂದ. ಹೊಸ ಡೆಕ್ಕಿನ ಮುಳ್ಳು ಎಡಕ್ಕೊಂದು ಬಲಕ್ಕೊಂದು ಅಂತ ಎರಡು ಹುಡುಕುತ್ತದೆ, ಸಿಗದಿದ್ದಾಗ ಧೂಳಿನ ಸದ್ದನ್ನೆಲ್ಲ ಎತ್ತಿಕೊಂಡು ಬರುತ್ತದೆ. ಎರಡು ವೈರನ್ನೂ ಒಟ್ಟಿಗೆ ಕಟ್ಟಿಬಿಟ್ಟರೆ ಧೂಳಿನ ಸದ್ದು ಎಷ್ಟೋ ಅಡಗುತ್ತದೆ. ಹಾಗೆ ಕಟ್ಟಿ, ಎರಡನೇ ಮಗ್ಗುಲು ಹಾಕಿದ.

ಸಾಸಿವೆ ಸಿಡಿಯುವಂಥ ಸದ್ದು ಇರಲಿಲ್ಲ. ಡ್ರಮ್ಮು ಬಂತು. ಅದರ ಮೇಲೆ ಜಾಲ್ರ ಬಂತು. ಅಷ್ಟು ಸ್ಪಷ್ಟವಾಗಿ ನಾನು ಅದನ್ನು ಯಾವತ್ತೂ ಕೇಳಿರಲಿಲ್ಲ. ಪಕ್ಕದಲ್ಲಿ ಯಾರೋ ಕೂತು ಬಡಿದಂತೆ ಇತ್ತು. ನಾನು ತಲೆ ಎತ್ತಿದೆ. ಮಾಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಂತಾ ಕಣ್ಣು?" ಅಂದರು. ನಮ್ಮ ಕಡೆ ಚಿಕ್ಕವರನ್ನು ಅಕ್ಕರೆಯಿಂದ ಕಣ್ಣು ಅಂತ ಕರೆಯುತ್ತಾರೆ.

ಬಂತು ಮಾಮ ಅಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ಕೇಳಿದರು. "ಇಲ್ಲ. ಬರ್ಲಿಲ್ಲ" ಅಂದರು.

ಸೌಂಡ್ ಸರ್ವಿಸಿನವನು ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಒಂದು ಗುಂಡಿ ತಿರುಗಿಸಿದ. ಈಗ ಬಂತಾ ಅಂದ. ಮಾಮ ಇಲ್ಲ ಅಂತ ತಲೆ ಆಡಿಸಿದರು. ಇನ್ನೂ ತಿರುಗಿಸಿದ. ಇನ್ನೊಂದು ಗುಂಡಿ. ಸದ್ದು ಚೂಪಾಗುತ್ತಾ ಹೋಯಿತು. ಹಾಡಿದವರ ಮಾತೆಲ್ಲ ಬರೀ ಸ್... ಸ್... ಅಂತಾಯಿತು. ಕಬ್ಬಿಣದ ಬಾಣಲೆಯನ್ನು ಕಲ್ಲಿಗೆ ಉಜ್ಜಿದ ಹಾಗೆ. ಎದುರಿನ ಟೀ ಅಂಗಡಿಯವನು ಎದ್ದು ಬಂದು, ಏನಪ್ಪ ಯಾರನ್ನು ಕೊಲ್ಲುತ್ತಿದ್ದೀಯ ಅಂತ ಕೇಳಿ ಹೋದ. ನನಗೆ ಹಲ್ಲು ಜುಮ್ಮೆಂದಿತು. ಆಗ ಮಾಮನ ಕೈ ಮೇಲೆದ್ದಿತು.

"ಆಂ... ಅಲ್ಲಿ. ಬಂತು ನೋಡು."

ಅವರ ಬೆರಳು ಜಾಲ್ರದ ಜೊತೆಗೇ ಮೇಜಿನ ಮೇಲೆ ಆಡುತ್ತಿತ್ತು, ಒಂದೂ ತಪ್ಪದೆ. ಸೌಂಡ್ ಸರ್ವಿಸಿನವನು ಗುಂಡಿಗಳನ್ನು ಹಾಗೇ ಬಿಟ್ಟು ಒಂದು ಕ್ಯಾಸೆಟ್ಟು ತುಂಬಿಕೊಟ್ಟ. ಹೊರಡುವಾಗ ಮಾಮ ಪ್ಲೇಟನ್ನು ಟವೆಲಿಗೆ ಸುತ್ತುತ್ತಾ ಬಗ್ಗಿದ್ದರು. ಅವರ ಬೆನ್ನ ಹಿಂದೆಯೇ ನಿಂತು, ದನಿ ತಗ್ಗಿಸದೆ ಅವನು ನನಗೆ ಹೇಳಿದ.

"ತಂಬಿ, ಇವ್ರನ್ನ ಕಿವಿ ಡಾಕ್ಟರ್‌ಗೆ ತೋರ್ಸು. ಪ್ಲೇಟಲ್ಲಿ ಏನೂ ಇಲ್ಲ."

ಮಾಮ ತಿರುಗಲಿಲ್ಲ. ಟವೆಲಿಗೆ ಗಂಟು ಹಾಕಿ, ಎದ್ದು, ಅವನ ಬೆನ್ನು ತಟ್ಟಿದರು.

ಆ ಸಂಜೆ ಅತ್ತೆಗೆ ಹೇಳಿದೆ. ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಕೂಗಿ ಕೂಗಿ ನನ್ನ ಗಂಟಲು ಹೋಗಿ ಎಷ್ಟೋ ದಿನ ಆಯಿತು ಅಂದರು. ಆಮೇಲೆ, "ಇವತ್ತು ಸಂತೋಷವಾಗಿ ಬಂದವ್ರೆ. ಇರ್ಲಿ ಬಿಡು ಕಣ್ಣು" ಅಂದರು. ಒಳಗೆ ಮಾಮ ಕ್ಯಾಸೆಟ್ಟು ಹಾಕಿದ್ದರು. ಅತ್ತೆ ಸೆರಗಿನ ತುದಿಯನ್ನು ಕಿವಿಗೆ ತುರುಕಿಕೊಂಡು ಕೂತಿದ್ದರು.

ಮಾಮ ಆ ಕ್ಯಾಸೆಟ್ಟನ್ನು ಮೊದಲಾಳಿಗೂ ಕೇಳಿಸಿದರು. ಪ್ಲೇಟಿಗೆ ಧೂಳು ಹಿಡಿದಿತ್ತು, ತೆಗೆಸಿದೆ, ಈಗ ಜಾಲ್ರ ಕೇಳುತ್ತದೆ ಅಂದರು. ಮೊದಲಾಳಿ ಮುಖ ಹಿಂಡಿದರು. ಆದರೆ ಮಾಮನ ಬೆರಳು ತಾಳ ತಪ್ಪದೆ ಆಡುವುದನ್ನು ನೋಡಿದರು. ಸರಿ, ಇರಿ ಅಂದರು. ಮಾಮನ ಕೆಲಸ ಉಳಿಯಿತು.

ಸ್ವಲ್ಪ ದಿನಗಳಾದ ಮೇಲೆ ನನ್ನ ಮಗ್ಗದಲ್ಲಿ ಲಾಳಿಯನ್ನು ಹೊಡೆಯುವ ಕೋಲಿನ ಹತ್ತಿರ ಸದ್ದು ಬದಲಾಯಿತು. ಹೊಡೆತದ ಹಿಂದೆ ಸಣ್ಣಗೆ ಒಂದು ಕಿಣಿ ಕಿಣಿ. ಮಗ್ಗ ನಿಲ್ಲಿಸಿ ಮಾಮನನ್ನು ಕರೆದೆ. ಅವರು ಬಂದು ಮತ್ತೆ ಓಡಿಸಲು ಹೇಳಿ, ಸ್ಕ್ರೂಡ್ರೈವರ್ ಒತ್ತಿ, ಹಿಡಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿದರು. ತುಂಬ ಹೊತ್ತು ನಿಂತಿದ್ದರು. ಆಮೇಲೆ ಕಣ್ಣು ತೆರೆದು, ಏನಿಲ್ಲ, ಓಡಿಸು ಅಂತ ಕೈ ಮಾಡಿ ಮುಂದಿನ ಮಗ್ಗಕ್ಕೆ ಹೋದರು. ಓಡಿಸಿದೆ.

ಲಾಳಿ ಹಾರಿದ್ದು ನಾನು ನೋಡಲಿಲ್ಲ. ಅದರ ಎರಡೂ ತುದಿಯಲ್ಲಿ ಕಬ್ಬಿಣದ ಮೊನೆ ಇರುತ್ತದೆ. ನೋವು ಕೂಡ ಆಗ ಇರಲಿಲ್ಲ. ಮುಖ ಬಿಸಿಯಾಯಿತು, ಅಷ್ಟೆ. ಮಗ್ಗಗಳು ಒಂದೊಂದಾಗಿ ನಿಂತವು, ಶೆಡ್ಡು ಅಮಾವಾಸ್ಯೆಯ ಹಾಗೆ ಆಯಿತು... ಎಡಗಣ್ಣನ್ನು ಕೊಯಮತ್ತೂರಿನ ಆಸ್ಪತ್ರೆಯಲ್ಲಿ ತೆಗೆದರು.

ಮಾಮ ಒಂದು ದಿನ ಬಂದರು. ನನ್ನ ಎಡಗಡೆಯ ಸ್ಟೂಲಿನ ಮೇಲೆ ಕೂತರಂತೆ. ಆ ಕಡೆಯೆಲ್ಲ ಬ್ಯಾಂಡೇಜು, ನನಗೆ ಕಾಣಲಿಲ್ಲ. ಅಮ್ಮ ಹೇಳಿದಳು, ಮಾಮ ಬಂದವ್ರೆ ಅಂತ. ಮಾಮ ಊಟ ಆಯ್ತಾ ಅಂತ ಕೇಳಿದೆ. ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. ಅಮ್ಮ ಅವರ ತೋಳು ಮುಟ್ಟಿ ಈ ಕಡೆ ಬನ್ನಿ ಅಂತ ತೋರಿಸಿದಳು. ಅವರು ಸುತ್ತಿಕೊಂಡು ಬಲಗಡೆಗೆ ಬಂದು ಕೂತು ನನ್ನ ಬಾಯಿಯನ್ನೇ ನೋಡಿದರು. ಕೈಯಲ್ಲಿ ಏನೂ ಇರಲಿಲ್ಲ. ಬಟ್ಟೆಯಿಂದ ಮೀನು ಮಾರ್ಕೆಟ್ಟಿನ ವಾಸನೆ ಬರುತ್ತಿತ್ತು.

"ಉಕ್ಕಡಂನಲ್ಲಿ ಇಳ್ದು ಕೊಟ್ಬುಟ್ಟು ಬಂದೆ" ಅಂದರು. "ಪ್ಲೇಟನ್ನೂ, ಕ್ಯಾಸೆಟ್ಟನ್ನೂ."

ಯಾಕೆ ಮಾಮ ಅಂದೆ.

"ಜಾಲ್ರ ಅದ್ರಲ್ಲಿ ಇತ್ತು ಕಣ್ಣು. ಮೊದ್ಲಿಂದ್ಲೂ ಇತ್ತು."

ನಾನು ಹೂಂ ಅಂದೆ. ತುಟಿ ಅಲುಗದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ ಅಂತ ನೆನಪಾಗಿ, ಇತ್ತು ಮಾಮ ಅಂತ ಬಾಯಿ ಬಿಟ್ಟು ಹೇಳಿದೆ. ಅವರು ತಲೆಯಾಡಿಸಿದರು. ಬಸ್ಸಿನ ಹೊತ್ತಾಗುವವರೆಗೂ ಕೂತಿದ್ದು ಎದ್ದು ಹೋದರು.

ಶೆಡ್ಡಿನ ಕೆಲಸವನ್ನು ಅವರೇ ಬಿಟ್ಟರು. ಯಾರೂ ಬಿಡು ಅನ್ನಲಿಲ್ಲ. ಸಾಲುಮನೆ ಖಾಲಿ ಮಾಡಿ ಅತ್ತೆಯ ತಮ್ಮನ ಊರಿಗೆ ಹೋಗಿ, ಅಲ್ಲಿ ಅತ್ತೆಯ ಜೊತೆ ಕೂತು ಲಾಳಿಗೆ ನೂಲು ಸುತ್ತಿಕೊಡುತ್ತಿದ್ದರು. ಕೊಳ್ಳೇಗಾಲಕ್ಕೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಒಂದು ಕಣ್ಣಿನವನಿಗೆ ಮಗ್ಗ ಯಾರು ಕೊಡುತ್ತಾರೆ. ಅಲ್ಲಿ ದೊಡ್ಡವರ ಶಾಲೆಗೆ ಹೋಗಿ ಅಕ್ಷರ ಕಲಿತೆ, ಪರೀಕ್ಷೆ ಕಟ್ಟಿದೆ, ಒಂದು ಆಫೀಸಿನಲ್ಲಿ ಟೈಪು ಮಾಡುವ ಕೆಲಸ ಸಿಕ್ಕಿತು. ಅಕ್ಷರ ಕೂಡಿಸುವುದು ಇವತ್ತಿಗೂ ನಿಧಾನವೇ. ಮಾಮ ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಕಾರ್ಯವೆಲ್ಲ ಮುಗಿದಿತ್ತು. ನಾನು ಹೋದಾಗ ಅತ್ತೆ ನನ್ನ ಮುಖ ನೋಡಿ, ಊಟ ಮಾಡ್ಕೊಂಡು ಹೋಗು ಅಂದರು. ಊಟ ಮಾಡಿ ಬಂದೆ. ಅಳು ಬರಲಿಲ್ಲ. ಆಗಲೂ ಬರಲಿಲ್ಲ, ಆಮೇಲೂ...

ಮೊನ್ನೆ ಮಗಳಿಗೆ ಇದನ್ನು ಹೇಳಿದೆ. ಅವಳು ಫೋನಿನಲ್ಲಿ ಹುಡುಕಲು ಕೂತಳು. ಹಾಡಿನ ಹೆಸರೇನಪ್ಪ ಅಂದಳು. ಗೊತ್ತಿಲ್ಲ. ಹಾಡಿದವರು ಯಾರು? ಅದೂ ಗೊತ್ತಿಲ್ಲ. ಆ ಕಾಲದ ಪ್ಲೇಟುಗಳನ್ನೆಲ್ಲ ಈಗ ಶುದ್ಧ ಮಾಡಿ ಹಾಕಿದ್ದಾರಂತೆ. ಒಂದಾದ ಮೇಲೊಂದು ಹಾಕುತ್ತಾ ಹೋದಳು. ಎಲ್ಲದರಲ್ಲೂ ಡ್ರಮ್ಮು ಇದೆ. ಎಲ್ಲದರಲ್ಲೂ ಜಾಲ್ರ ಇದೆ, ಒಂದು ಚೂರು ಧೂಳಿಲ್ಲದೆ. ಯಾವುದು ಮಾಮನದು ಅಂತ ನನಗೆ ತಿಳಿಯಲಿಲ್ಲ. ಗುರುತು ಹಿಡಿಯುವವರು ಒಬ್ಬರೇ ಇದ್ದರು. ಮಗಳ ಕೈ ಸೋಲುತ್ತಿತ್ತು. ಇದಾ ಅಪ್ಪ, ಇದಾ ಅಂತ ಕೇಳುತ್ತಲೇ ಇದ್ದಳು. ಒಂದಕ್ಕೆ ಹೂಂ, ಇದೇ ಅಂದೆ. ಅವಳಿಗೆ ಸಂತೋಷವಾಯಿತು. ಸದ್ದು ಇನ್ನೂ ಸ್ವಲ್ಪ ಜಾಸ್ತಿ ಮಾಡಿ, ಫೋನನ್ನು ನನ್ನ ಹತ್ತಿರ ಇಟ್ಟು ಹೋದಳು.