ನಿದ್ದೆ ಅಜ್ಜಿಯ ಸಾಲು

ಬೇಸಿಗೆ ರಜೆಯ ಎರಡು ತಿಂಗಳು ಊರಿನ ಶಾಲೆಯ ಕೆಳಗಿನ ಹಜಾರದಲ್ಲಿ ಚಿಕ್ಕಮಕ್ಕಳ ಶಿಬಿರ ನಡೆಯುತ್ತದೆ. ಎಲ್ಲರೂ ಮೂರರಿಂದ ಐದು ವರ್ಷದವರು. ಬೆಳಿಗ್ಗೆ ಮಣ್ಣು, ಬಣ್ಣ, ನೀರಾಟ. ಊಟವಾದ ಮೇಲೆ ಒಂದು ಗಂಟೆ ನಿದ್ದೆ. ಆ ಒಂದು ಗಂಟೆಗೆ ಒಂಬತ್ತು ವರ್ಷದಿಂದ ಅಜ್ಜಿಯೊಬ್ಬಳೇ ಒಡತಿ. ನಿದ್ದೆ ಅಜ್ಜಿ ಎಂದು ಹೆಸರಿಟ್ಟದ್ದು ಮಕ್ಕಳು. ಈಗ ಹಾಜರಿ ಪುಸ್ತಕದಲ್ಲೂ ಹಾಗೆಯೇ ಬರೆಯುತ್ತಾರೆ.

ಎರಡು ಚಾಪೆಗಳ ನಡುವೆ ಕೂತು, ಎಡಗೈಯಲ್ಲಿ ಒಂದು ಬೆನ್ನು, ಬಲಗೈಯಲ್ಲಿ ಇನ್ನೊಂದು ಬೆನ್ನು ತಟ್ಟುತ್ತಾಳೆ. ಎಂಥ ಹಟಮಾರಿಯೂ ಹತ್ತು ನಿಮಿಷದಲ್ಲಿ ಬಾಯಿ ತೆರೆದು ಮಲಗಿಬಿಡಬೇಕು. ಈ ವಿದ್ಯೆ ಅವಳಿಗೆ ಒಲಿದದ್ದು ತಡವಾಗಿ. ಸ್ವಂತ ಮಗಳು ಚಿಕ್ಕವಳಿದ್ದಾಗ ಅವಳು ಬಟ್ಟೆ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಂಗಿಯ ಕಾಲರ್ ಹೊಲಿಯುತ್ತಿದ್ದಳು. ಮಗಳನ್ನು ತಟ್ಟಿ ಮಲಗಿಸಿದ್ದು ಪಕ್ಕದ ಮನೆಯಾಕೆ. ಆ ಮಾತನ್ನು ಅಜ್ಜಿ ಯಾರೊಡನೆಯೂ ಎತ್ತುವುದಿಲ್ಲ. ಈ ಬೇಸಿಗೆಯಲ್ಲಿ ಮಗಳ ಮಗಳು ಶಿಬಿರಕ್ಕೆ ಸೇರಿದಾಗ ಮಾತ್ರ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾಲ್ಕು ವರ್ಷದ ಆ ಹುಡುಗಿ ಒಂದು ಕಡೆ ನಿಲ್ಲುವವಳಲ್ಲ. ಮನೆಯವರು ಬುಗುರಿ ಎಂದೇ ಕರೆಯುತ್ತಾರೆ.

ಓದು ಬಾರದ ಮಕ್ಕಳು ತಮ್ಮ ಚಾಪೆಯನ್ನು ಗುರುತಿಸಲೆಂದು ಅಜ್ಜಿ ಪ್ರತಿಯೊಂದರ ಮೂಲೆಗೂ ಒಂದು ಬಟ್ಟೆಯ ಚಿತ್ರ ಹೊಲಿದಿದ್ದಳು. ಮೀನು, ಚಂದ್ರ, ಆನೆ, ಹೀಗೆ. ಬುಗುರಿಯದು ಕೊಡೆ. ಊಟಕ್ಕೆ ಮೊದಲು ಮಕ್ಕಳೇ ತಮಗೆ ಬೇಕಾದಲ್ಲಿ ಚಾಪೆ ಹಾಸಬೇಕು. ಊಟವಾದ ಮೇಲೆ ಚಾಪೆ ಎಲ್ಲಿದೆಯೋ ಅಲ್ಲೇ ಮಲಗಬೇಕು. ಈ ನಿಯಮ ಮಾಡಿದವಳೂ ಅಜ್ಜಿಯೇ.

ಮಕ್ಕಳು ಹೆಚ್ಚಾದರೆಂದು ಈ ವರ್ಷ ಇಪ್ಪತ್ತೆರಡರ ಹುಡುಗಿಯೊಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡರು. ಬಾಗಿಲ ಕಡೆಯ ಸಾಲು ಅಜ್ಜಿಗೆ, ಕಿಟಕಿಯ ಕಡೆಯದು ಅವಳಿಗೆ. ಹುಡುಗಿ ತಟ್ಟುತ್ತಿರಲಿಲ್ಲ. ಗೋಡೆಗೊರಗಿ, ಮನೆಗೆ ಹೊರಟ ಒಂದು ಇರುವೆಯ ಕಥೆಯನ್ನು ಪಿಸುದನಿಯಲ್ಲಿ ಹೇಳುತ್ತಿದ್ದಳು. ಇರುವೆ ಮನೆ ಸೇರುವ ಮೊದಲೇ ಮಕ್ಕಳು ನಿದ್ದೆ ಹೋಗುತ್ತಿದ್ದರು. ಮೊದಲ ವಾರ ಚಂದ್ರನ ಚಾಪೆ ಕಿಟಕಿಯ ಕಡೆಗೆ ಹೋಯಿತು. ಎರಡನೆಯ ವಾರ ಆನೆ. ಮೂರನೆಯ ವಾರ ಕೊಡೆ.

"ಏನು ಅಜ್ಜಿ, ನಿಮ್ಮ ಸಾಲಲ್ಲಿ ಇವತ್ತು ಗಾಳಿ ಚೆನ್ನಾಗಿ ಆಡ್ತಿದೆ?" ತಟ್ಟೆ ಎತ್ತುತ್ತಾ ಅಡುಗೆಯಾಕೆ ಕೆಣಕಿದಳು.

"ನಿನ್ನ ಬಾಯಲ್ಲೂ ಆಡ್ತಿರಬೇಕಲ್ಲ, ಮುಚ್ಚಿದ್ದು ನಾನಂತೂ ನೋಡಿಲ್ಲ."

ಮಾತು ಚುರುಕಾಗಿತ್ತು, ಹೊಟ್ಟೆ ಉರಿಯುತ್ತಿತ್ತು. ಆ ಹುಡುಗಿಯ ನಗು, ಕೂದಲು ಕಟ್ಟಿದ ಬಗೆ, ನೀರು ಕುಡಿಯುವಾಗಿನ ಸದ್ದು, ಯಾವುದೂ ಅಜ್ಜಿಗೆ ಹಿಡಿಸಲಿಲ್ಲ. ಕೆಲವೊಮ್ಮೆ ಅವಳ ಕೈ ತನಗೆ ಅರಿವಿಲ್ಲದೆ ಆ ಪಿಸುದನಿಯ ತಾಳಕ್ಕೇ ತಟ್ಟುತ್ತಿತ್ತು. ಗೊತ್ತಾದ ಕೂಡಲೇ ಬೇಕೆಂದೇ ತಾಳ ತಪ್ಪಿಸುತ್ತಿದ್ದಳು.

"ಅಜ್ಜಿ, ತಟ್ಟೋದು ನನಗೂ ಹೇಳಿಕೊಡ್ತೀರಾ?" ಎಂದು ಹುಡುಗಿ ಒಂದು ದಿನ ಕೇಳಿದಳು.

"ಅದು ಹೇಳಿಕೊಟ್ಟರೆ ಬರೋದಲ್ಲ ಕಣಮ್ಮಾ."

ಮರುದಿನ ಊಟವಾದ ಮೇಲೆ, ಮಕ್ಕಳೆಲ್ಲ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ, ಅಜ್ಜಿ ಕಿಟಕಿಯ ಸಾಲಿನಿಂದ ಕೊಡೆಯ ಚಾಪೆ ಎತ್ತಿ ತಂದು ತನ್ನ ಮಂಡಿಯ ಪಕ್ಕ ಹಾಸಿದಳು. ಬುಗುರಿ ಬಂದು ಕಿಟಕಿಯ ಕಡೆ ನೋಡಿತು, ಚಾಪೆ ನೋಡಿತು, ಅಜ್ಜಿಯ ಮುಖ ನೋಡಿತು.

"ನಾನು ಅಲ್ಲಿ ಹಾಸಿದ್ದೆ."

"ಮರೆತಿದ್ದೀಯ ಪುಟ್ಟಾ. ಚಾಪೆ ಎಲ್ಲಿದೆಯೋ ಅಲ್ಲೇ ಮಲಗಬೇಕು, ಅಲ್ವಾ?"

ಮಗು ಮಲಗಿತು. ಐದೇ ನಿಮಿಷಕ್ಕೆ ಕಣ್ಣು ಮುಚ್ಚಿ ಉಸಿರು ನೀಳವಾಯಿತು. ಅಜ್ಜಿ ಗೆದ್ದವಳಂತೆ ಕಿಟಕಿಯ ಕಡೆ ನೋಡಿದಳು. ಆಮೇಲೆ ದಿನದ ಅಭ್ಯಾಸದಂತೆ ಮಗುವಿನ ಕೈಯನ್ನು ಸ್ವಲ್ಪ ಎತ್ತಿ ಬಿಟ್ಟಳು. ನಿಜವಾಗಿ ನಿದ್ದೆ ಹೋದ ಮಗುವಿನ ಕೈ ಒದ್ದೆ ಬಟ್ಟೆಯ ಹಾಗೆ ಬೀಳುತ್ತದೆ. ಈ ಕೈ ನಿಧಾನವಾಗಿ, ಮೇಜಿನ ಮೇಲೆ ಲೋಟ ಇಡುವಷ್ಟು ಜೋಪಾನವಾಗಿ ಕೆಳಗಿಳಿಯಿತು.

"ಬುಗುರೀ."

"ನಾನು ಮಲಗಿದ್ದೀನಿ."

"ಮಲಗಿರೋರು ಮಾತಾಡ್ತಾರಾ?"

"ನೀನು ಕೇಳಿದೆಯಲ್ಲ, ಅದಕ್ಕೆ."

"ನಿದ್ದೆ ಬರದೆ ಕಣ್ಣು ಯಾಕೆ ಮುಚ್ಚಿಕೊಂಡೆ?"

ಮಗು ಕಣ್ಣು ತೆರೆಯದೆಯೇ ಹೇಳಿತು: "ನಿನಗೆ ಬೇಜಾರಾಗುತ್ತಲ್ಲ. ಅಜ್ಜಿ ತಟ್ಟಿದರೆ ಮಲಗು, ಅಜ್ಜಿಗೆ ಖುಷಿಯಾಗುತ್ತೆ ಅಂತ ಅಮ್ಮ ಹೇಳಿದಾಳೆ."

ಅಜ್ಜಿಯ ಕೈ ಆ ಪುಟ್ಟ ಬೆನ್ನಿನ ಮೇಲೆ ನಿಂತೇಹೋಯಿತು. ಹಾಗಾದರೆ ತಾನು ಯಾರಿಗೂ ಹೇಳದ ಕೊರಗು ಮಗಳಿಗೆ ಗೊತ್ತಿತ್ತು. ತಾನು ಚಿಕ್ಕವಳಿದ್ದಾಗ ಸಿಗದೇಹೋದದ್ದನ್ನು ತಾಯಿಗೇ ತಿರುಗಿ ಕೊಡುವವಳಂತೆ ಈ ಮಗುವನ್ನು ಕಳಿಸಿದ್ದಳು.

"ನಿಜ ಹೇಳು, ಇರುವೆ ಎಲ್ಲಿಗೆ ಬಂದಿತ್ತು?"

"ಸೇತುವೆ ಹತ್ರ. ಇಲ್ಲಿಗೆ ಮಾತು ಸರಿಯಾಗಿ ಕೇಳಿಸಲ್ಲ ಅಜ್ಜಿ."

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. ಮಗು ಮಲಗಿದ್ದಂತೆಯೇ ಚಾಪೆಯ ತುದಿ ಹಿಡಿದು, ಹಜಾರದ ನೆಲದ ಮೇಲೆ ಸರ್ರನೆ ಕಿಟಕಿಯ ತನಕ ಎಳೆದುಕೊಂಡು ಹೋದಳು. ಬುಗುರಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಿತು. ಹುಡುಗಿ ಕಥೆ ನಿಲ್ಲಿಸಿ ಗಾಬರಿಯಿಂದ ನೋಡಿದಳು.

"ಚಾಪೆ ಎತ್ತಿಕೊಂಡು ಹೋದವಳು ನಾನೇ," ಎಂದಳು ಅಜ್ಜಿ. "ಸೇತುವೆಯಿಂದ ಇನ್ನೊಂದು ಸಲ ಹೇಳು. ಇವಳಿಗೆ ಕೇಳಿಸಿಲ್ಲ."

ತನ್ನ ಸಾಲಿಗೆ ಮರಳಿ ಉಳಿದ ನಾಲ್ಕು ಚಾಪೆಗಳ ನಡುವೆ ಕೂತಳು. ಪಿಸುದನಿ ಮತ್ತೆ ಶುರುವಾಯಿತು. ಇರುವೆ ಸೇತುವೆಯ ನಡುವೆ ಬಂದಾಗ ಬುಗುರಿಗೆ ನಿದ್ದೆ ಹತ್ತಿತು. ಅಷ್ಟು ದೂರದಿಂದಲೂ ಅಜ್ಜಿಗೆ ಅದು ತಿಳಿಯಿತು. ತಾನು ತಟ್ಟಿದ್ದರೆ ಇನ್ನೂ ಎರಡು ನಿಮಿಷ ಹಿಡಿಯುತ್ತಿತ್ತು ಎಂಬುದೂ ತಿಳಿಯಿತು, ಎಡಬಲದ ಬೆನ್ನುಗಳನ್ನು ಬೇಕೆಂದೇ ಬೇರೆ ತಾಳಕ್ಕೆ ತಟ್ಟತೊಡಗಿದಳು.