ತುಳು ಅರ್ಥವಾದ ದಿನ

ನಿವೃತ್ತಿಯಾದ ಮೇಲೆ ನಾನು ಕನ್ನಡ ಕಲಿಸಿದ್ದು ಒಬ್ಬಳಿಗೆ ಮಾತ್ರ. ಅವಳು ಸುಡಾನಿನವಳು. ಗಂಡ ಮೂಡುಬಿದಿರೆಯ ಕಾಲೇಜೊಂದಕ್ಕೆ ಫಾರ್ಮಸಿ ಓದಲು ಬಂದಿದ್ದ. ಮದುವೆಯಾಗಿ ಇವಳನ್ನೂ ಕರೆತಂದ. ಅವನ ಓದು ಮುಗಿಯುವ ಹೊತ್ತಿಗೆ ಅವರ ದೇಶದಲ್ಲಿ ಯುದ್ಧ ಶುರುವಾಗಿತ್ತು. ಇಬ್ಬರೂ ಹುಟ್ಟಿ ಬೆಳೆದ ಬೀದಿಯೇ ಉಳಿದಿಲ್ಲವೆಂದು ಸುದ್ದಿ ಬಂತು. ಹಿಂತಿರುಗಿ ಹೋಗುವಂತಿರಲಿಲ್ಲ. ಓದು ಮುಗಿದ ಮೇಲೆ ಇಲ್ಲಿರುವುದಕ್ಕೂ ಕಾರಣ ಉಳಿದಿರಲಿಲ್ಲ.

ನನ್ನ ಗೆಳತಿಯೊಬ್ಬಳು ಬಸ್ ನಿಲ್ದಾಣದ ಹತ್ತಿರ ಹೆಂಗಸರಿಗೆ ಹೊಲಿಗೆ ತರಬೇತಿ ನಡೆಸುತ್ತಾಳೆ. ಅವಳೇ ಫೋನ್ ಮಾಡಿದಳು.

“ಮಾರಾಯ್ತಿ, ಕ್ಲಾಸಿಗೆ ಆಫ್ರಿಕಾದವಳೊಬ್ಬಳು ಸೇರಿದ್ದಾಳೆ. ಕೈಯಲ್ಲಿ ಒಳ್ಳೆ ಕೆಲಸ ಉಂಟು. ಆದ್ರೆ ಮಾತು ಬರುವುದಿಲ್ಲ. ಗಿರಾಕಿಗಳ ಹತ್ರ ಅಳತೆ ಕೇಳ್ಲಿಕ್ಕಾದ್ರೂ ಕನ್ನಡ ಬೇಡ್ವಾ?”

ಹೀಗೆ ಅವಳು ಮಧ್ಯಾಹ್ನದ ಹೊತ್ತು ನನ್ನ ಮನೆಗೆ ಬರತೊಡಗಿದಳು. ಎತ್ತರದ ಹೆಂಗಸು, ತಲೆಗೆ ಹಳದಿ ವಸ್ತ್ರ ಸುತ್ತಿರುತ್ತಿದ್ದಳು. ಒಳಗೆ ಬರುವ ಮೊದಲು ಕೈಕಾಲು ತೊಳೆಯಲು ನೀರು ಕೇಳುತ್ತಿದ್ದಳು. ನಾನು ಗಿರಾಕಿ, ಅವಳು ಟೈಲರ್, ಅದೇ ನಮ್ಮ ಪಾಠ. ಟೇಪು ಹಿಡಿದು ನನ್ನ ಭುಜದ ಮೇಲಿಟ್ಟು, “ಅಮ್ಮಾ, ತಮಗೆ ತೋಳು ಎಷ್ಟು ಉದ್ದ ಇರಬೇಕು?” ಎನ್ನುವಳು. “ಮೊಣಕೈ ತನಕ ಸಾಕು” ಎಂದರೆ, “ಸಾಕು” ಎಂಬ ಶಬ್ದವನ್ನು ಬಾಯಲ್ಲಿ ಹೊರಳಿಸಿ ನಗುವಳು. ಶಾಲೆಯಲ್ಲಿ ಜೀವಮಾನವಿಡೀ ಕಲಿಸಿದರೂ ಅಷ್ಟು ಶ್ರದ್ಧೆಯಿಂದ ಕಲಿತವರನ್ನು ನಾನು ಹೆಚ್ಚು ಕಂಡಿರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಬಸ್ಸಿನ ಬೋರ್ಡು ಓದುತ್ತಿದ್ದಳು, ಅಂಗಡಿಯಲ್ಲಿ ಕನ್ನಡದಲ್ಲೇ ಕೇಳುತ್ತಿದ್ದಳು. ಆದರೆ ಉತ್ತರ ಬರುತ್ತಿದ್ದುದು ಹರುಕು ಇಂಗ್ಲಿಷಿನಲ್ಲಿ. ಅವಳ ಬಾಯಿಂದ ಕನ್ನಡ ಬಂದದ್ದು ಅಂಗಡಿಯವರ ಕಿವಿಗೆ ಬೀಳುತ್ತಲೇ ಇರಲಿಲ್ಲವೇನೋ.

ಒಂದು ದಿನ ಅವಳು ಕೇಳಿದಳು: “ಟೀಚರ್, ಎಲ್ಲರೂ ನನ್ನ ಹತ್ತಿರ ಇಂಗ್ಲಿಷ್ ಮಾತಾಡುತ್ತಾರೆ. ನನ್ನನ್ನು ನೋಡಿ ಅವರೊಳಗೆ ಬೇರೆ ಏನೋ ಮಾತಾಡುತ್ತಾರೆ. ಅದು ಕನ್ನಡ ಅಲ್ಲ. ಏನು ಅದು?”

“ಅದು ತುಳು. ನಮ್ಮ ಮನೆಮಾತು.”

“ಹಾಗಾದರೆ ಅದನ್ನೇ ಕಲಿಸಿ.”

ನನಗೆ ನಿಜಕ್ಕೂ ಸಂತೋಷವಾಯಿತು. ಮನೆಮಾತು ಬಂದರೆ ಜನ ಅವಳನ್ನು ಮನೆಯವಳಂತೆ ಕಾಣುತ್ತಾರೆ ಎಂದುಕೊಂಡೆ. “ಎಂಚ ಉಲ್ಲರ್?” ಎಂದು ಕ್ಷೇಮ ಕೇಳುವುದನ್ನು, “ಒಣಸ್ ಆಂಡಾ?” ಎಂದು ಊಟ ವಿಚಾರಿಸುವುದನ್ನು ಮೊದಲು ಕಲಿಸಿದೆ. ಉಳಿದದ್ದನ್ನು ಅವಳು ಹೊಲಿಗೆ ಕ್ಲಾಸಿನ ಹೆಂಗಸರ ಮಾತಿನಿಂದಲೇ ಎತ್ತಿಕೊಂಡಳು.

ತರಬೇತಿ ಮುಗಿಯಿತು. ಬೆಳ್ತಂಗಡಿಯಲ್ಲಿ ಸಿದ್ಧ ಉಡುಪು ಹೊಲಿಯುವ ಒಂದು ಘಟಕ ಇತ್ತು. ನಾವಿಬ್ಬರೂ ಅಲ್ಲಿಗೆ ಹೋದೆವು. ಅಲ್ಲಿಯ ಮೇಲ್ವಿಚಾರಕ ಅವಳು ಹೊಲಿದ ರವಿಕೆಯನ್ನು ತಿರುವಿ ಮುರುವಿ ನೋಡಿದ. “ಹೊಲಿಗೆ ಒಳ್ಳೆದುಂಟು. ಆಧಾರ್ ಉಂಟಾ?” ಇಲ್ಲ ಎಂದೆ. “ಹಾಗಾದ್ರೆ ಆಗ್ಲಿಕ್ಕಿಲ್ಲ ಟೀಚರ್. ನಾಳೆ ಯಾರಾದ್ರೂ ಬಂದು ಕೇಳಿದ್ರೆ ನಾನೇನು ಹೇಳ್ಲಿ?” ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗಂಡನ ವೀಸಾದ ಮೇಲೆ ಬಂದವಳಿಗೆ ಇಲ್ಲಿ ದುಡಿಯುವ ಹಕ್ಕಿಲ್ಲವೆಂಬುದು ನನಗೆ ತಿಳಿದದ್ದೇ ಅಂದು. ಕೆಲಸ ಕಲಿಸಲು ಯಾವ ಅಡ್ಡಿಯೂ ಇರಲಿಲ್ಲ, ಮಾಡಲು ಮಾತ್ರ ಇತ್ತು.

ಕೊನೆಗೆ ಬಂಟ್ವಾಳದ ಒಂದು ಟೈಲರ್ ಅಂಗಡಿಯಾಕೆ, ನನ್ನ ಹಳೆಯ ವಿದ್ಯಾರ್ಥಿನಿ, ಧೈರ್ಯ ಮಾಡಿದಳು. ಹಿಂದಿನ ಕೋಣೆಯಲ್ಲಿ ಕೂತು ಸೀರೆಗೆ ಫಾಲ್, ಕುಚ್ಚು, ರವಿಕೆಗೆ ಹುಕ್ಸು ಹಾಕುವ ಕೆಲಸ. ಮುಂದೆ ಬಂದು ಅಳತೆ ತೆಗೆಯುವುದು ಬೇಡ ಎಂದಳಂತೆ. ನಾವು ಮಧ್ಯಾಹ್ನವೆಲ್ಲ ಅಭ್ಯಾಸ ಮಾಡಿದ್ದ ಆ ಪ್ರಶ್ನೆಯನ್ನು ಅವಳು ಯಾರಿಗೂ ಕೇಳಬೇಕಾಗಿ ಬರಲಿಲ್ಲ. ಆದರೂ ಬೆಳಿಗ್ಗೆ ಸಿದ್ಧಕಟ್ಟೆ ಮೇಲೆ ಹೋಗುವ ಬಸ್ಸು ಹತ್ತುವಾಗ ಅವಳ ಮುಖ ನೋಡಬೇಕಿತ್ತು.

ಮದುವೆಗಳ ಕಾಲ ಬಂತು. ಒಂದು ಸಂಜೆ ಅವಳು ಬಸ್ಸಿಳಿದು ನೇರ ನನ್ನ ಮನೆಗೆ ಬಂದಳು. ನೀರು ಕೇಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು.

“ಟೀಚರ್, ಇವತ್ತು ಒಬ್ಬರು ಬಂದರು. ಪರದೆ ಸರಿಸಿ ಒಳಗೆ ನೋಡಿದರು.” ಅನಂತರ ತುಳುವಿನಲ್ಲಿ, ಆ ಹೆಂಗಸಿನ ರಾಗದಲ್ಲೇ ಹೇಳಿದಳು: “ಮದಿಮೆದ ಸೀರೆ ಉಂದು. ಆಳೆಗ್ ಕೊರೊಡ್ಚಿ.”

ಇದು ಮದುವೆಯ ಸೀರೆ, ಅವಳ ಕೈಗೆ ಕೊಡಬೇಡಿ. ಒಂದು ಅಕ್ಷರವೂ ತಪ್ಪಿರಲಿಲ್ಲ.

“ನೀನೇನು ಹೇಳಿದೆ?”

“ಏನೂ ಹೇಳಲಿಲ್ಲ. ನನಗೆ ಗೊತ್ತಾಗುವುದಿಲ್ಲ ಎಂದು ಅವರು ತಿಳಿದುಕೊಂಡಿದ್ದಾರೆ.” ಮತ್ತೆ ಸೇರಿಸಿದಳು: “ಬಸ್ಸಿನಲ್ಲಿ ಕೂಡ, ಟೀಚರ್. ಪಕ್ಕದಲ್ಲಿ ಕೂರುವವರು. ಮೊದಲು ಅದೆಲ್ಲ ಬರೀ ಶಬ್ದ. ನಾನು ಕಿಟಕಿಯಲ್ಲಿ ಹೊಳೆ ನೋಡುತ್ತಿದ್ದೆ. ಈಗ ನೋಡಲಿಕ್ಕೆ ಆಗುವುದಿಲ್ಲ.”

ಆ ಹೆಂಗಸಿನ ಪರವಾಗಿ ಏನಾದರೂ ಹೇಳಬಹುದಿತ್ತು, ಹಳೆಯ ಕಾಲದವರು, ಶುಭಕಾರ್ಯ ಎಂದರೆ ಹೆದರುತ್ತಾರೆ ಎಂದೆಲ್ಲ. ಅದರ ಬದಲು ಕಾಫಿ ಮಾಡಿ ತಂದೆ. ಅದು ಆರುವ ತನಕ ಅವಳು ಮುಟ್ಟಲಿಲ್ಲ.

ಅವಳು ಮತ್ತೂ ಕೆಲಸಕ್ಕೆ ಹೋದಳು. ಬಿಡಿಸಿದ್ದು ಅಂಗಡಿಯಾಕೆಯೇ. ವಿದೇಶಿಯರನ್ನು ಕೆಲಸಕ್ಕಿಟ್ಟುಕೊಂಡವರ ವಿಚಾರಣೆ ನಡೆಯುತ್ತದೆಂದು ಪೇಟೆಯಲ್ಲಿ ಯಾರೋ ಹೆದರಿಸಿದ್ದರಂತೆ. ಅಂಗಡಿಯಾಕೆ ಫೋನಿನಲ್ಲಿ ಅಳುತ್ತಾ ಹೇಳಿದಳು: “ಟೀಚರ್, ನನಗೂ ಮಕ್ಕಳಿದ್ದಾರೆ. ನೀವು ಬೇಜಾರು ಮಾಡ್ಬೇಡಿ.” ಯಾರ ಮೇಲೆ ಬೇಜಾರು ಮಾಡುವುದು?

ಅತ್ತ ಗಂಡನ ವೀಸಾ ಮುಂದುವರಿಯಲಿಲ್ಲ. ನಿರಾಶ್ರಿತರೆಂದು ಹೆಸರು ಬರೆಸಲು ದೆಹಲಿಗೆ ಹೋಗಬೇಕು, ಅಲ್ಲಿ ತಮ್ಮ ದೇಶದವರೂ ಇದ್ದಾರೆ ಎಂದು ಇಬ್ಬರೂ ಹೊರಟರು. ಹೊರಡುವ ದಿನ ಅವಳು ನನ್ನ ಹೊಸ ರವಿಕೆಗೆ ಹುಕ್ಸು ಹಾಕಿಕೊಟ್ಟಳು. ನಾನು ಬೇಡ ಎಂದರೂ ಕೇಳಲಿಲ್ಲ.

ದೆಹಲಿಯಿಂದ ಮೊದಮೊದಲು ಆಗಾಗ ಫೋನ್ ಬರುತ್ತಿತ್ತು. ಒಂದು ಕೋಣೆಯಲ್ಲಿ ಮೂರು ಸಂಸಾರ, ಕೆಲಸವಿಲ್ಲ, ಹೊಲಿಗೆ ಯಂತ್ರ ಯಾರ ಬಳಿಯೂ ಇಲ್ಲ. ಬರಬರುತ್ತಾ ಅವಳ ಕನ್ನಡದಲ್ಲಿ ಹಿಂದಿ ಸೇರಿಕೊಂಡಿತು. ಶಬ್ದಕ್ಕಾಗಿ ತಡಕಾಡುವಳು. ನಾನು ಹೇಳಿಕೊಟ್ಟರೆ “ಹಾಂ, ಅದೇ” ಎನ್ನುವಳು. ಕೊನೆಯ ಸಲ ಕೇಳಿದಳು: “ಟೀಚರ್, ಅಲ್ಲಿ ಯಾರಾದರೂ ನನ್ನನ್ನು ಕೇಳುತ್ತಾರಾ?”

“ಕೇಳ್ತಾರೆ” ಎಂದೆ.

ಯಾರೂ ಕೇಳಿರಲಿಲ್ಲ. ಅದು ಅವಳಿಗೂ ಗೊತ್ತಾಗಿರಬೇಕು. ಆಮೇಲೆ ಅವಳ ಫೋನ್ ಬರಲಿಲ್ಲ. ನಾನು ಮಾಡಿದರೆ ಆ ನಂಬರು ಬಳಕೆಯಲ್ಲಿಲ್ಲ ಎನ್ನುತ್ತದೆ.