ಖಾನಾಪುರದಲ್ಲಿ ಬಾಯಿ ಮುಚ್ಚಿ ಕೂತದ್ದು

ಸಂಸತ್ತಿಗೆ ಆರಿಸಿ ಹೋದ ಮೇಲೆ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ: ದೆಹಲಿಯಲ್ಲಿ ಎದ್ದು ಮಾತಾಡಲು ಹೆದರಿಕೆಯಾಗಲಿಲ್ಲವೇ? ಆಗಲಿಲ್ಲ. ವಡಗಾವಿಯ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗದ ಸದ್ದನ್ನೂ ಮೀರಿಸಿ ಕೂಗಿ ನೇಕಾರರ ಸಂಘ ಕಟ್ಟಿದವಳಿಗೆ, ಮೈಕು ಇಟ್ಟುಕೊಟ್ಟ ಸಭೆ ಯಾವ ಲೆಕ್ಕ? ನನಗೆ ಕಷ್ಟವಾದದ್ದು ಸುಮ್ಮನಿರುವುದು. ಅದನ್ನು ಕಲಿಸಿದವರು ಖಾನಾಪುರದ ಹೆಣ್ಣುಮಕ್ಕಳು.

ಅಲ್ಲಿನ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚುಗಳನ್ನು ತಲೆಯ ಮೇಲೆ ಹೊತ್ತು ಭಟ್ಟಿಗೆ ಸಾಗಿಸುವವರು ಅವರು. ಹಿಂದೆ ನಾನೇ ಬಸ್ಸು ಹತ್ತಿ ಹೋಗಿ ಅವರನ್ನು ಒಗ್ಗೂಡಿಸಿದ್ದೆ. ನನ್ನ ಮರಾಠಿಗೆ ಅವರು ನಗುತ್ತಿದ್ದರು, ಅವರ ಕನ್ನಡಕ್ಕೆ ನಾನು.

ನಾನು ಗೆದ್ದು ವರ್ಷ ತುಂಬುವ ಮೊದಲೇ ಅವರು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತರು. ಬಸುರಿಯರಿಗೆ ಹೊರೆ ಹೊರಿಸಬಾರದು, ಕೂತು ಮಾಡುವ ಕೆಲಸ ಕೊಡಬೇಕು, ಇಷ್ಟೇ ಬೇಡಿಕೆ. ಮಾಲೀಕರು ನಮ್ಮ ಪಕ್ಷದವರು, ನನ್ನ ಚುನಾವಣೆಯಲ್ಲಿ ಓಡಾಡಿದವರು. "ನೀವಽ ಬಂದು ಬಗಿಹರಿಸ್ರಿ ಮೇಡಮ್" ಎಂದು ಫೋನ್ ಮಾಡಿದರು.

ಹೋದೆ. ಕಾರಿನಿಂದ ಇಳಿದವಳೇ ಹೆಂಗಸರ ಮುಂದೆ ನಿಂತು ಮಾತು ಶುರುಮಾಡುವಷ್ಟರಲ್ಲಿ ಅವರ ಮುಂದಾಳು ನನ್ನ ಕೈ ಹಿಡಿದಳು. ಒಂದು ಕಾಲಕ್ಕೆ ಘೋಷಣೆ ಕೂಗಲೂ ನಾಚುತ್ತಿದ್ದವಳು.

"ಅಕ್ಕಾ, ಇವತ್ತ ನೀವು ಮಾತಾಡಬ್ಯಾಡ್ರಿ. ಈಗ ನೀವು ಇಬ್ಬರಿಗೂ ಬೇಕಾದವರು. ನಾವಽ ಮಾತಾಡ್ತೀವಿ. ನೀವು ಬಾಜೂಕ ಕುಂದರ್ರಿ."

"ನನ್ನ ಮ್ಯಾಲ ಭರೋಸಾ ಇಲ್ಲೇನು?"

"ಐತ್ರಿ. ಅದಕ್ಕಽ ಕುಂದರ್ರಿ ಅಂದೆ, ಹೋಗ್ರಿ ಅನ್ನಲಿಲ್ಲ."

ಅವರ ಹಿಂದೆಯೇ ಒಳಗೆ ಹೋದೆ. ಮಾಲೀಕರ ಕೋಣೆಯಲ್ಲಿ ಗೋಡೆಗೆ ಹತ್ತಿದ ಬೆಂಚಿನ ಮೇಲೆ ಕೂತೆ. ಮಾಲೀಕರು ಮಾತುಮಾತಿಗೆ ನನ್ನತ್ತ ತಿರುಗುತ್ತಿದ್ದರು. ನಾನು ಮುಂದಾಳಿನತ್ತ ಕೈ ತೋರಿಸುತ್ತಿದ್ದೆ. ಕಾಯ್ದೆಯ ಮಾತೆಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಕಾಯ್ದೆಯನ್ನೇ ಎತ್ತಲಿಲ್ಲ.

"ಸಾವ್ಕಾರ್ರ, ನಿಮ್ಮ ಸೊಸಿ ಬಸರಿದ್ದಾಗ ಮೆಟ್ಟಲಾ ಹತ್ತಬ್ಯಾಡವಾ ಅಂದ್ರಿ. ಊರೆಲ್ಲ ನಿಮ್ಮನ್ನ ಹೊಗಳಿತು. ಆ ಮಾತು ನಮಗೂ ಅನ್ರಿ, ಸಾಕು."

ಮಾಲೀಕರು ಕನ್ನಡಕ ತೆಗೆದು ಒರೆಸಿದರು. ಚಹಾ ಬಂತು, ಆರಿತು. ಕೊನೆಗೆ, ಬಸುರಿಯರು ಹಂಚು ವಿಂಗಡಿಸುವ ಕಡೆ ಕೂರಲಿ ಎಂದು ಒಪ್ಪಿದರು. ಮರುದಿನ ಭಟ್ಟಿ ಹೊತ್ತಿತು.

ಬೆಳಗಾವಿಗೆ ಮರಳಿದಾಗ ಪಕ್ಷದ ಹಿರಿಯರೊಬ್ಬರು ರೇಗಿದರು: "ಹೆಸರು ನಿಮಗ ಬರಬೇಕಾಗಿತ್ತು." ನಾನು ನಕ್ಕುಬಿಟ್ಟೆ. ಹೆಸರು ಬರಬೇಕಾದವರಿಗೇ ಬಂದಿತ್ತು.

ಆ ತಿಂಗಳೇ ವಡಗಾವಿಯ ಸಂಘದ ಅಧ್ಯಕ್ಷತೆ ಬಿಟ್ಟುಕೊಟ್ಟೆ. ಗೆದ್ದ ಮೇಲೂ ಅದನ್ನು ಹಿಡಿದೇ ಇದ್ದೆ, ಯಾರೂ ಬಿಡಿ ಎಂದಿರಲಿಲ್ಲ. ಹೊಸಬರನ್ನು ಆರಿಸಲು ಸೇರಿದ ಸಭೆಯಲ್ಲಿ ಮೂವರು ಹುರಿಯಾಳುಗಳು, ಮೂವತ್ತು ಜಗಳ. ಬಾಗಿಲ ಬಳಿ ನಿಂತು ಸ್ವಲ್ಪ ಹೊತ್ತು ಕೇಳಿದೆ. ಗಂಟಲು ಎಲ್ಲರದೂ ಗಟ್ಟಿಯಾಗಿತ್ತು. ನಿಶ್ಚಿಂತೆಯಿಂದ ದೆಹಲಿಯ ರೈಲು ಹತ್ತಿದೆ.